‘ಸು ಫ್ರಮ್ ಸೋ’: ಥಿಯೇಟರ್‌ನಲ್ಲಿ ಬಿದ್ದು ಬಿದ್ದು ನಕ್ಕವರು, ಮೊಬೈಲ್‌ನಲ್ಲಿ ನೋಡಿ ‘ಇಷ್ಟೇನಾ?’ ಅಂದವರು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡ್ರಾ? ಬಸ್ಸಲ್ಲಿ ಸೀಟ್ ಸಿಕ್ತಾ? ಸರಿ, ಶುರು ಮಾಡೋಣ.

ಇವತ್ತಿನ ವಿಷಯ ಒಂದು ಜಗಳ. ನಿಮ್ಮ ಫ್ರೆಂಡ್ಸ್ ವಾಟ್ಸಾಪ್ ಗ್ರೂಪ್‌ನಲ್ಲೂ ಇದು ನಡೆದಿರುತ್ತೆ. ಒಬ್ಬ ‘ಸು ಫ್ರಮ್ ಸೋ’ ಸಿನಿಮಾನ ಮೊದಲ ವಾರವೇ ಥಿಯೇಟರ್‌ನಲ್ಲಿ ನೋಡಿರ್ತಾನೆ. ಅವನ ಪ್ರಕಾರ ಇಷ್ಟು ನಗಿಸಿದ ಸಿನಿಮಾ ಇತ್ತೀಚೆಗೆ ಬಂದೇ ಇಲ್ಲ. ಇನ್ನೊಬ್ಬ ಓಟಿಟಿಗೆ ಬರೋವರೆಗೂ ಕಾದು, ರಾತ್ರಿ ಹನ್ನೊಂದಕ್ಕೆ ಮಲಗಿದಲ್ಲೇ ಮೊಬೈಲ್‌ನಲ್ಲಿ ನೋಡಿರ್ತಾನೆ. ಅವನ ಪ್ರಶ್ನೆ ಒಂದೇ: ಇದಕ್ಕಾ ನೀವೆಲ್ಲ ಅಷ್ಟು ಕುಣಿದಿದ್ದು?

ಇಬ್ಬರೂ ಸುಳ್ಳು ಹೇಳ್ತಿಲ್ಲ. ಅದೇ ಸಿನಿಮಾ, ಅದೇ ಸೀನ್, ಅದೇ ಡೈಲಾಗ್. ಆದ್ರೂ ಇಬ್ಬರು ನೋಡಿದ್ದು ಒಂದೇ ವಸ್ತು ಅಲ್ಲ. ಯಾಕೆ ಅಂತ ನೋಡೋಣ. ಮತ್ತೆ ಇದರಿಂದ ಕನ್ನಡದ ಚಿಕ್ಕ ಸಿನಿಮಾಗಳಿಗೆ ಏನಾಗ್ತಿದೆ ಅನ್ನೋದನ್ನೂ ನೋಡೋಣ. ಕ್ಲೈಮ್ಯಾಕ್ಸ್ ಹೇಳಲ್ಲ. ಆದ್ರೆ ಕಥೆಯ ಎಳೆ ಹೇಳಲೇಬೇಕಾಗುತ್ತೆ. ಸ್ಪಾಯ್ಲರ್ ಅಂದ್ರೆ ಆಗದವರು ಇಲ್ಲೇ ಪಾಸ್ ಮಾಡಿ, ಸಿನಿಮಾ ನೋಡಿ ಬನ್ನಿ, ನಾವು ಕಾಯ್ತೀವಿ.

ಆ ಶುಕ್ರವಾರ, ಆ ಸೋಮವಾರ

ಮೊದಲು ಏನಾಯ್ತು ಅನ್ನೋದು. ‘ಸು ಫ್ರಮ್ ಸೋ’ ಬಿಡುಗಡೆಯಾಗಿದ್ದು 2025ರ ಜುಲೈ 25, ಶುಕ್ರವಾರ. ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರ ಮಾಡಿದ್ದು ಜೆ.ಪಿ. ತುಮಿನಾಡ್. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು, ಒಂದು ಪಾತ್ರವನ್ನೂ ಮಾಡಿದ್ದಾರೆ. ಅವರನ್ನ ಬಿಟ್ರೆ ಪೋಸ್ಟರ್ ನೋಡಿ ಟಿಕೆಟ್ ತಗೊಳ್ಳೋ ಥರದ ಹೆಸರುಗಳು ಅದರಲ್ಲಿ ಇರಲಿಲ್ಲ. ಕರಾವಳಿಯವರಿಗೆ ಶನೀಲ್ ಗೌತಮ್, ಪ್ರಕಾಶ್ ತುಮಿನಾಡ್, ದೀಪಕ್ ರೈ ಪಾಣಾಜೆ ಗೊತ್ತು. ಬೆಂಗಳೂರಿನ ಹುಡುಗರಿಗೆ ‘ಕಾಂತಾರ’ದಲ್ಲಿ, ‘ಒಂದು ಮೊಟ್ಟೆಯ ಕಥೆ’ಯಲ್ಲಿ ನೋಡಿದ ಮುಖ, ಅಷ್ಟೇ.

ಖರ್ಚು ಐದು ಕೋಟಿ ಆಸುಪಾಸು ಅಂತ ವರದಿಗಳು ಹೇಳಿದ್ವು. ಮೊದಲ ದಿನದ ಗಳಿಕೆ ಒಂದು ಕೋಟಿಯನ್ನೂ ಮುಟ್ಟಲಿಲ್ಲ ಅಂತ ಟ್ರೇಡ್ ಲೆಕ್ಕ. ಆ ಸಂಖ್ಯೆ ಮಾತ್ರ ನೋಡಿದ್ರೆ ‘ಪಾಪ, ಇನ್ನೊಂದು’ ಅಂತ ಮುಂದೆ ಹೋಗಬಹುದಿತ್ತು. ಆದ್ರೆ ಶನಿವಾರ ಅದು ಎರಡು ಪಟ್ಟು ದಾಟಿತು, ಭಾನುವಾರ ನಾಲ್ಕು ಪಟ್ಟು ದಾಟಿತು. ಮುಖ್ಯವಾದ ದಿನ ಸೋಮವಾರ. ಸಿನಿಮಾದವರು ಸೋಮವಾರಕ್ಕೆ ಹೆದರ್ತಾರೆ, ಪರೀಕ್ಷೆಯ ರಿಸಲ್ಟ್ ಬರೋದು ಅವತ್ತೇ. ಕೆಲಸ, ಕಾಲೇಜು ಎಲ್ಲ ಇರೋ ಆ ಸೋಮವಾರವೂ ಹಾಲ್ ತುಂಬಿತು. ಬೆಳಗ್ಗೆ ಬೇಗ, ರಾತ್ರಿ ತಡವಾಗಿ ಶೋಗಳನ್ನ ಸೇರಿಸಬೇಕಾಯ್ತು. ಇದು ಸಾಮಾನ್ಯವಾಗಿ ದೊಡ್ಡ ಸ್ಟಾರ್‌ಗಳಿಗೆ, ಅದೂ ಮೊದಲ ದಿನ ಮಾತ್ರ ಸಿಗೋ ಮರ್ಯಾದೆ. ಕೊನೆಗೆ ಒಟ್ಟು ಗಳಿಕೆ ನೂರು ಕೋಟಿ ದಾಟಿತು ಅಂತ ವರದಿಯಾಯ್ತು.

ಇದರಲ್ಲಿ ಒಂದು ಜಾಣತನದ ಹೆಜ್ಜೆಯೂ ಇತ್ತು. ಬಿಡುಗಡೆಗೆ ಮುಂಚೆಯೇ ತಂಡದವರು ಪೇಯ್ಡ್ ಪ್ರೀಮಿಯರ್ ಮಾಡಿದ್ರು. ಅಂದ್ರೆ ಜನ ದುಡ್ಡು ಕೊಟ್ಟೇ ಮೊದಲು ನೋಡಬೇಕು. ಫ್ರೀ ಪಾಸಲ್ಲಿ ಬಂದವನು ಸಭ್ಯತೆಗೆ ಹೊಗಳ್ತಾನೆ. ದುಡ್ಡು ಕೊಟ್ಟವನು ಹಾಗಲ್ಲ, ಚೆನ್ನಾಗಿಲ್ಲ ಅಂದ್ರೆ ಇಂಟರ್‌ವಲ್‌ನಲ್ಲೇ ಸ್ಟೇಟಸ್ ಹಾಕ್ತಾನೆ. ಸಿನಿಮಾ ಮೇಲೆ ನಂಬಿಕೆ ಇದ್ರೆ ಮಾತ್ರ ಆ ರಿಸ್ಕ್ ತಗೊಳ್ಳೋಕಾಗೋದು.

ಊರಿಗೆ ಊರೇ ನಂಬೋ ಕಥೆ

ಈಗ ಕಥೆ. ಕರಾವಳಿಯ ಒಂದು ಊರು, ಮರ್ಲೂರು. ಅಲ್ಲೊಬ್ಬ ಅಶೋಕ. ಒಂದು ರಾತ್ರಿ ಸ್ನಾನದ ಮನೆಯ ಹತ್ತಿರ ಇಣುಕೋಕೆ ಹೋಗಿ ಸಿಕ್ಕಿಬೀಳ್ತಾನೆ. ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದವನ ಥರ ನಾಟಕ ಆಡ್ತಾನೆ. ಊರು ನಂಬಿಬಿಡುತ್ತೆ. ದೆವ್ವಕ್ಕೆ ಒಂದು ಹೆಸರು, ಒಂದು ಊರು ಅಂಟಿಕೊಳ್ಳುತ್ತೆ: ಸೋಮೇಶ್ವರದ ಸುಲೋಚನಾ. ಅದೇ ‘ಸು ಫ್ರಮ್ ಸೋ’. ಸೋಮೇಶ್ವರ ನಿಜವಾದ ಊರು, ಉಳ್ಳಾಲದ ಹತ್ತಿರ, ಬೀಚ್‌ಗೆ ಹೋದವರಿಗೆ ಗೊತ್ತಿರುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ನಾಟಕ ಅಂತ ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಸಾಮಾನ್ಯ ಹಾರರ್ ಸಿನಿಮಾದಲ್ಲಿ ಪಾತ್ರಕ್ಕೂ ನಮಗೂ ಒಂದೇ ಭಯ. ಇಲ್ಲಿ ಭಯ ಅವರದ್ದು, ನಗು ನಮ್ಮದು. ಊರಿಗೇ ದೊಡ್ಡಣ್ಣನ ಥರ ಇರೋ ರವಿಯಣ್ಣ ಗಂಭೀರವಾಗಿ ಮೀಟಿಂಗ್ ಮಾಡಿದಷ್ಟೂ ನಮಗೆ ನಗು ಜಾಸ್ತಿ. ಅವರು ಯಾರೂ ಜೋಕ್ ಹೇಳ್ತಿಲ್ಲ. ಇದು ಇಲ್ಲಿನ ಸ್ಪೆಷಾಲಿಟಿ. ಎಲ್ಲರೂ ಮನೆ ಹತ್ತಿ ಉರಿಯೋವಾಗ ಮಾತಾಡಿದಷ್ಟು ಸೀರಿಯಸ್ಸಾಗಿ ಮಾತಾಡ್ತಾರೆ.

ಆಮೇಲೆ ನಿರ್ದೇಶಕರು ನಮ್ಮ ಕಾಲ ಕೆಳಗಿನ ಚಾಪೆಯನ್ನೂ ಸ್ವಲ್ಪ ಎಳೀತಾರೆ. ಆ ಹೆಸರಿನ ಹೆಂಗಸು ನಿಜವಾಗಿಯೂ ಇದ್ದವಳು, ತೀರಿಕೊಂಡವಳು. ಹಾಗಾದ್ರೆ? ಅಲ್ಲಿವರೆಗೆ ಧೈರ್ಯವಾಗಿ ನಗ್ತಿದ್ದ ಹಾಲ್‌ನಲ್ಲಿ ಒಂದು ಕ್ಷಣ ಸದ್ದು ಕಮ್ಮಿಯಾಗುತ್ತೆ. ಹಾರರ್ ಮತ್ತು ಕಾಮಿಡಿ ಎರಡನ್ನೂ ಜೋಡಿಸೋದು ಇದಕ್ಕೇ. ಎರಡೂ ಮೈಯಲ್ಲಿ ಒಂದು ಬಿಗಿ ತುಂಬಿಸಿ ಬಿಡ್ತಾವೆ. ಬಿಗಿ ತುಂಬಿಸೋದು ಭಯ, ಬಿಡಿಸೋದು ನಗು. ಬರೀ ಕಾಮಿಡಿಯಲ್ಲಿ ಅರ್ಧ ಗಂಟೆಗೆ ನಗು ಸುಸ್ತಾಗುತ್ತೆ. ನಡುವೆ ಸ್ವಲ್ಪ ಹೆದರಿಸಿದ್ರೆ ಮತ್ತೆ ಹೊಸದಾಗಿ ನಗಬಹುದು.

ನನಗೆ ಮಜಾ ಅನಿಸಿದ್ದು ಇನ್ನೊಂದು. ಸಿನಿಮಾ ಒಳಗೆ ಸುದ್ದಿ ಹರಡೋ ರೀತಿ ನೋಡಿ. ಒಬ್ಬ ನೋಡ್ತಾನೆ, ಇನ್ನೊಬ್ಬನಿಗೆ ಹೇಳ್ತಾನೆ, ಅವನು ಸ್ವಲ್ಪ ಉಪ್ಪು ಖಾರ ಸೇರಿಸ್ತಾನೆ, ಆಟೋದಲ್ಲಿ ಹೋಗೋವಾಗ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ಬೆಳಗಾಗೋದ್ರೊಳಗೆ ಊರಿಗೆಲ್ಲ ‘ಅಂತೆ’. ಸಿನಿಮಾ ಹೊರಗೆ, ಸಿನಿಮಾದ ಸುದ್ದಿ ಹರಡಿದ್ದೂ ಇದೇ ರೀತಿ! ‘ಚೆನ್ನಾಗಿದೆಯಂತೆ’, ‘ಟಿಕೆಟ್ ಸಿಕ್ತಿಲ್ಲವಂತೆ’, ‘ಹಾಲ್‌ನಲ್ಲಿ ಡೈಲಾಗೇ ಕೇಳಿಸಲ್ಲವಂತೆ, ಅಷ್ಟು ನಗ್ತಾರಂತೆ’. ಮರ್ಲೂರಿನವರು ಸುಲೋಚನಾಳನ್ನ ನಂಬಿದ ಹಾಗೆ ನಾವು ‘ಸು ಫ್ರಮ್ ಸೋ’ನ ನಂಬಿದ್ವಿ. ಅಂತೆ ಕಂತೆ ಅಂತ ನಾವು ತಮಾಷೆ ಮಾಡೋ ಅದೇ ಶಕ್ತಿ ಒಂದು ಸಿನಿಮಾನ ಉಳಿಸಿತು.

ಹೊಸದೇನಲ್ಲ ಬಿಡಿ. ಬೆಂಗಳೂರಲ್ಲಿ ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯೋ ಸುದ್ದಿ ಹಬ್ಬಿದ್ದನ್ನ ನಿಮ್ಮ ಅಪ್ಪ ಅಮ್ಮನ ಹತ್ತಿರ ಕೇಳಿ. ಅದೇ ಮಾತು 2018ರಲ್ಲಿ ಹಿಂದಿಯ ‘ಸ್ತ್ರೀ’ ಸಿನಿಮಾದೊಳಗೆ ಹೋಯ್ತು, ಚಂದೇರಿ ಅನ್ನೋ ಊರಿನ ಗೋಡೆಗಳ ಮೇಲೆ. ದೆವ್ವದ ಕಾಮಿಡಿಗೆ ಬಜೆಟ್ ಕಮ್ಮಿ ಸಾಕಾಗೋದೂ ಇದಕ್ಕೇ. ಗ್ರಾಫಿಕ್ಸ್ ಬೇಡ, ಒಂದು ಗಾಳಿಮಾತು, ಅದನ್ನ ನಂಬೋಕೆ ಹತ್ತು ಜನ ಒಳ್ಳೆ ನಟರು ಇದ್ರೆ ಆಯ್ತು.

ನಗು ಯಾಕೆ ಅಂಟುತ್ತೆ?

ಈಗ ಆ ಜಗಳಕ್ಕೆ ಬರೋಣ. ಥಿಯೇಟರ್ ವರ್ಸಸ್ ಮೊಬೈಲ್.

ರಾಬರ್ಟ್ ಪ್ರೊವೈನ್ ಅಂತ ಅಮೆರಿಕದ ಒಬ್ಬ ವಿಜ್ಞಾನಿ ಇದ್ದರು. ನಗುವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿ 2000ದಲ್ಲಿ ಅದರ ಮೇಲೆ ಪುಸ್ತಕ ಬರೆದರು. ಅವರು ಕಂಡುಕೊಂಡ ಒಂದು ವಿಷಯ: ಮನುಷ್ಯ ಒಬ್ಬನೇ ಇದ್ದಾಗ ನಗೋದಕ್ಕಿಂತ ಜನರ ಜೊತೆ ಇದ್ದಾಗ ಸುಮಾರು 30 ಪಟ್ಟು ಹೆಚ್ಚು ನಗ್ತಾನೆ. ಇನ್ನೊಂದು ಇನ್ನೂ ಚೆಂದ: ನಾವು ನಗೋದು ಹೆಚ್ಚಾಗಿ ಜೋಕ್ ಕೇಳಿ ಅಲ್ಲ. ‘ಬರ್ತೀನಿ ಕಣೋ’, ‘ಹೌದಾ?’ ಅನ್ನೋ ಥರದ ಮಾಮೂಲಿ ಮಾತುಗಳ ಹಿಂದೆ ಬರೋ ನಗುವೇ ಜಾಸ್ತಿ. ಅಂದ್ರೆ ನಗು ಜೋಕ್‌ಗೆ ಕೊಡೋ ಮಾರ್ಕ್ಸ್ ಅಲ್ಲ. ‘ನಾನೂ ನಿನ್ನ ಜೊತೆ ಇದ್ದೀನಿ’ ಅಂತ ಪಕ್ಕದವನಿಗೆ ಕೊಡೋ ಸಿಗ್ನಲ್.

ಟೀವಿಯವರಿಗೆ ಇದು ಯಾವತ್ತೋ ಗೊತ್ತಿತ್ತು. ಅಮೆರಿಕದ ಟೀವಿ ಕಾಮಿಡಿಗಳಲ್ಲಿ 1950ರ ದಶಕದಲ್ಲೇ ಚಾರ್ಲಿ ಡಗ್ಲಸ್ ಅನ್ನೋ ಸೌಂಡ್ ಎಂಜಿನಿಯರ್ ರೆಕಾರ್ಡ್ ಮಾಡಿದ ನಗು ಸೇರಿಸೋ ಯಂತ್ರ ಮಾಡಿಟ್ಟಿದ್ದ. ಮನೆಯಲ್ಲಿ ಒಬ್ಬನೇ ಕೂತವನಿಗೆ ಸುಳ್ಳು ಗುಂಪು. ನಮ್ಮ ರಿಯಾಲಿಟಿ ಶೋಗಳಲ್ಲಿ ಜಡ್ಜ್‌ಗಳ ನಗುವನ್ನ ಮತ್ತೆ ಮತ್ತೆ ತೋರಿಸೋದು ಯಾಕೆ ಅಂದ್ಕೊಂಡ್ರಿ?

ಇದನ್ನ ಇಟ್ಕೊಂಡು ‘ಸು ಫ್ರಮ್ ಸೋ’ ನೋಡಿ. ಅದರಲ್ಲಿ ಪಂಚ್ ಡೈಲಾಗ್ ಕಮ್ಮಿ. ನಗು ಬರೋದು ಒಬ್ಬರ ಮಾತಿಗೆ ಇನ್ನೊಬ್ಬರು ಕೊಡೋ ಮುಖಭಾವದಿಂದ, ಬೇಡದ ಟೈಮಲ್ಲಿ ಬೇಡದ ಪ್ರಶ್ನೆ ಕೇಳೋದರಿಂದ. ‘ಬಾವ’ ಅನ್ನೋ ಪಾತ್ರ ಇದೆ. ಅವರು ಬಂದಾಗಲೆಲ್ಲ ಒಂದು ಹಾಡಿನ ತುಣುಕು ಬರುತ್ತೆ, ಅಷ್ಟೇ. ಬರೆದು ತೋರಿಸಿದ್ರೆ ಅದರಲ್ಲಿ ಏನಿದೆ ನಗೋಕೆ? ಮೊದಲ ಸಲ ಹತ್ತು ಜನ ನಗ್ತಾರೆ. ಎರಡನೇ ಸಲ ಅರ್ಧ ಹಾಲ್. ಮೂರನೇ ಸಲ ಬಾವ ಕಾಣಿಸೋದಕ್ಕೆ ಮುಂಚೆಯೇ, ಈಗ ಬರ್ತಾರೆ ಅನ್ನೋ ಖುಷಿಗೇ ಹಾಲ್ ಎದ್ದು ಕೂರುತ್ತೆ. ಆ ಜೋಕ್‌ನ ಅರ್ಧ ಭಾಗ ಮಾಡಿದ್ದು ಪ್ರೇಕ್ಷಕರೇ. ಆ ಅರ್ಧ ಓಟಿಟಿಗೆ ಅಪ್‌ಲೋಡ್ ಆಗಲ್ಲ.

ಸಿನಿಮಾ ಜಿಯೋಹಾಟ್‌ಸ್ಟಾರ್‌ಗೆ ಬಂದಿದ್ದು ಸೆಪ್ಟೆಂಬರ್ 9ಕ್ಕೆ. ಅಷ್ಟೊತ್ತಿಗೆ ಒಳ್ಳೊಳ್ಳೆ ಸೀನ್‌ಗಳ ತುಣುಕು ರೀಲ್ಸ್‌ನಲ್ಲಿ ನೋಡಿ ಆಗಿತ್ತು, ‘ಡ್ಯಾಂಕ್ಸ್ ಆಂಥಮ್’ಗೆ ಕಾಲೇಜು ಫಂಕ್ಷನ್‌ಗಳಲ್ಲಿ ಕುಣಿದೂ ಆಗಿತ್ತು. ಜೊತೆಗೆ ‘ನೂರು ಕೋಟಿ ಸಿನಿಮಾ’ ಅನ್ನೋ ಬೋರ್ಡು. ಆ ಬೋರ್ಡು ನೋಡಿ ಒಳಗೆ ಬಂದವನಿಗೆ ಒಂದು ಚಿಕ್ಕ ಊರಿನ ಚಿಕ್ಕ ಕಥೆ ಸಿಕ್ಕಿದ್ರೆ ‘ಇಷ್ಟೇನಾ’ ಅನ್ನಿಸೋದು ಸಹಜ. ಸಿನಿಮಾ ಮೊದಲಿಂದಲೂ ಇಷ್ಟೇ ಇತ್ತು. ದೊಡ್ಡದಾಗಿದ್ದು ಅದರ ಸುತ್ತಲಿನ ಮಾತು.

ಇದೇ ಥರ ಮಲಯಾಳಂನ ‘ರೋಮಾಂಚಂ’ಗೂ ಆಗಿತ್ತು, 2023ರಲ್ಲಿ. ಅದು ನಮ್ಮದೇ ಕಥೆ ಒಂದು ರೀತಿ: 2007ರ ಬೆಂಗಳೂರು, ಒಂದು ಬಾಡಿಗೆ ಮನೆ, ಏಳು ಜನ ಮಲಯಾಳಿ ಬ್ಯಾಚುಲರ್‌ಗಳು, ಕೇರಂ ಬೋರ್ಡನ್ನೇ ಓಜಾ ಬೋರ್ಡ್ ಮಾಡ್ಕೊಂಡು ಆತ್ಮ ಕರೆಯೋದು. ನಿರ್ದೇಶಕ ಜಿತು ಮಾಧವನ್ ಇದನ್ನ ಬೆಂಗಳೂರಿನ ತಮ್ಮ ದಿನಗಳ ನೆನಪಿಂದಲೇ ಮಾಡಿದ್ದು. ಕೇರಳದಲ್ಲಿ ಹಾಲ್‌ಗಳು ತುಂಬಿದ್ವು. ಓಟಿಟಿಗೆ ಬಂದ ಮೇಲೆ ಅಲ್ಲೂ ಇದೇ ಜಗಳ. 2025ರಲ್ಲಿ ಅದನ್ನ ಹಿಂದಿಯಲ್ಲಿ ‘ಕಪ್ಕಪಿ’ ಅಂತ ಮಾಡಿದ್ರು, ಅದು ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ. ಕಥೆ ಕೊಂಡ್ಕೋಬಹುದು. ಬಾಡಿಗೆ ಮನೆಯಲ್ಲಿ ಒಂದೇ ಹಾಸಿಗೆಗೆ ಜಗಳ ಆಡಿದ ಹುಡುಗರು ಹಾಲ್‌ನಲ್ಲಿ ಕೂತು ಕೊಡೋ ಆ ನಗು ರೀಮೇಕ್ ರೈಟ್ಸ್ ಜೊತೆ ಬರಲ್ಲ.

‘ಎಂತದು ಮಾರಾಯ’ ಅರ್ಥ ಆಯ್ತಾ?

ಬಯಲುಸೀಮೆಯವರಿಗೆ ಮಂಗಳೂರು ಕನ್ನಡ ಅರ್ಥ ಆಗುತ್ತಾ ಅನ್ನೋ ಪ್ರಶ್ನೆ ಬಿಡುಗಡೆಗೆ ಮುಂಚೆ ಇತ್ತು. ಆಯ್ತು. ಮೈಸೂರಲ್ಲೂ ನಕ್ಕರು, ಹುಬ್ಬಳ್ಳಿಯಲ್ಲೂ ನಕ್ಕರು. ಎರಡು ನಗುವಿನಲ್ಲಿ ಒಂದು ವ್ಯತ್ಯಾಸ ಇತ್ತು ಅಂತ ಮಾತ್ರ ನನ್ನ ಅಂದಾಜು.

ಸಿನಿಮಾ ಜಗತ್ತಿಗೆ ಮಂಗಳೂರು ಕನ್ನಡ ಹೊಸದಲ್ಲ. ಬಹಳ ಕಾಲ ಅದನ್ನ ಬಳಸಿದ್ದು ಅಡುಗೆ ಭಟ್ಟರಿಗೆ, ಹೋಟೆಲ್ ಮಾಲೀಕರಿಗೆ, ಒಂದೆರಡು ಸೀನ್ ಬಂದು ಹೋಗೋ ಪಾತ್ರಕ್ಕೆ. ಅಲ್ಲಿ ಜೋಕ್ ಏನು ಅಂದ್ರೆ ಆ ಭಾಷೆಯೇ. ‘ಸು ಫ್ರಮ್ ಸೋ’ದಲ್ಲಿ ಎಲ್ಲರೂ ಹಾಗೇ ಮಾತಾಡ್ತಾರೆ, ಹಾಗಾಗಿ ಭಾಷೆ ಜೋಕ್ ಆಗಿ ಉಳಿಯೋದಿಲ್ಲ. ಜಂಭದವನೂ, ಹೆದರುಪುಕ್ಕಲನೂ, ಕುಡುಕನೂ, ದುಃಖದಲ್ಲಿರೋಳೂ ಎಲ್ಲರೂ ಅದೇ ಕನ್ನಡ. ಹದಿನೈದು ನಿಮಿಷಕ್ಕೆ ಕಿವಿ ಹೊಂದಿಕೊಳ್ಳುತ್ತೆ, ಆಮೇಲೆ ಮನುಷ್ಯರು ಕಾಣ್ತಾರೆ. ಈ ಕಲಾವಿದರಲ್ಲಿ ಹಲವರು ತುಳು ರಂಗಭೂಮಿಯಲ್ಲಿ ಪಳಗಿದವರು. ನಾಟಕದಲ್ಲಿ ನಗು ಬಂತಾ ಇಲ್ವಾ ಅನ್ನೋದು ಅಲ್ಲೇ, ಆಗಲೇ ಗೊತ್ತಾಗುತ್ತೆ. ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಮುಂದಿನ ಮಾತು ಎತ್ತಬೇಕು ಅನ್ನೋದು ಅವರ ಮೈಯಲ್ಲೇ ಇದೆ.

ಹೊರಗೆ ಹೇಗಾಯ್ತು? ಮಲಯಾಳಂ ಡಬ್ಬಿಂಗ್‌ನ ದುಲ್ಖರ್ ಸಲ್ಮಾನ್ ಅವರ ವೇಫೇರರ್ ಸಂಸ್ಥೆ ಆಗಸ್ಟ್ 1ಕ್ಕೆ ತಂದಿತು. ತುಮಿನಾಡು ಇರೋದೇ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ, ಹಾಗಾಗಿ ಕೇರಳಕ್ಕೆ ಇದು ಪರದೇಶದ ಕಥೆ ಅಲ್ಲ. ತೆಲುಗಿಗೆ ಮೈತ್ರಿ ಸಂಸ್ಥೆ ಆಗಸ್ಟ್ 8ಕ್ಕೆ ಬಿಡುಗಡೆ ಮಾಡಿತು, ಅಲ್ಲಿ ಇಲ್ಲಿನಷ್ಟು ಸದ್ದಾಗಲಿಲ್ಲ.

ಕಿಟಕಿ ಮತ್ತು ಭಾನು

ಈಗ ಸ್ವಲ್ಪ ಕಷ್ಟದ ಭಾಗ. ಸಿನಿಮಾ ನೋಡಿದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಹಲವರು ಕೇಳಿದ ಪ್ರಶ್ನೆ: ಇಡೀ ಕಥೆ ಶುರುವಾಗೋದೇ ಒಬ್ಬ ಸ್ನಾನದ ಮನೆ ಇಣುಕೋಕೆ ಹೋಗೋದರಿಂದ. ಅದಕ್ಕೆ ನಾವು ಯಾಕೆ ನಗಬೇಕು?

‘ಏ, ಕಾಮಿಡಿ ಸಿನಿಮಾ, ಅಷ್ಟು ಯೋಚನೆ ಮಾಡಬಾರದು’ ಅನ್ನೋ ಉತ್ತರ ಬೇಗ ಬರುತ್ತೆ. ಅದು ಉತ್ತರ ಅಲ್ಲ. ಮುನ್ನೂರು ಜನ ಒಟ್ಟಿಗೆ ನಗೋವಾಗ ಒಂದು ಅಪಾಯ ಇದೆ: ಒಟ್ಟಿಗೆ ನಕ್ಕವರು ಒಟ್ಟಿಗೆ ಕ್ಷಮಿಸಿಬಿಡ್ತಾರೆ. ಆ ಮುನ್ನೂರರಲ್ಲಿ ಒಬ್ಬಳಿಗೆ ಹಾಸ್ಟೆಲ್ ಬಾತ್‌ರೂಮಿನ ಕಿಟಕಿ ನೆನಪಾಗಿರಬಹುದು. ಅವಳು ನಗ್ತಿಲ್ಲ ಅನ್ನೋದು ಆ ಸದ್ದಿನಲ್ಲಿ ಯಾರಿಗೂ ಕೇಳಿಸಲ್ಲ. ನಗು ಅಂಟುತ್ತೆ ಅಂತ ಆಗಲೇ ಹೇಳಿದ್ನಲ್ಲ, ಅದರ ಇನ್ನೊಂದು ಮುಖ ಇದು.

ಸಿನಿಮಾಗೆ ಇದು ಗೊತ್ತಿಲ್ಲ ಅಂತ ನನಗೆ ಅನಿಸಲ್ಲ. ಯಾಕಂದ್ರೆ ಎರಡನೇ ಅರ್ಧದಲ್ಲಿ ಭಾನು ಬರ್ತಾಳೆ, ಸುಲೋಚನಾಳ ಮಗಳು. ಸಂಧ್ಯಾ ಅರಕೆರೆ ಮಾಡಿದ ಪಾತ್ರ. ಅವಳು ಬಂದ ಮೇಲೆ ತಮಾಷೆಯ ಲೆಕ್ಕ ತಲೆಕೆಳಗಾಗುತ್ತೆ. ಸತ್ತ ಹೆಂಗಸಿನ ಹೆಸರಿಗೆ ಇಡೀ ಊರು ನಡುಗುತ್ತೆ, ಪೂಜೆ ಮಾಡಿಸುತ್ತೆ, ಸ್ವಾಮೀಜಿ ಕರೆಸುತ್ತೆ. ಆ ಸ್ವಾಮೀಜಿ, ಕರುಣಾಕರ ಗುರೂಜಿ, ರಾಜ್ ಬಿ. ಶೆಟ್ಟಿ. ಅದೇ ಹೆಂಗಸಿನ ಮಗಳು ಬದುಕಿದ್ದಾಳೆ, ಕಷ್ಟದಲ್ಲಿದ್ದಾಳೆ, ಅವಳು ಹೇಗಿದ್ದಾಳೆ ಅಂತ ಇಲ್ಲಿವರೆಗೆ ಕೇಳಿದವರಿಲ್ಲ. ದೆವ್ವಕ್ಕೆ ಸಿಗೋ ಮರ್ಯಾದೆ ಮನುಷ್ಯಳಿಗಿಲ್ಲ. ಅಶೋಕನ ಸುಳ್ಳು ಬಳಸಿಕೊಂಡಿದ್ದು ಯಾರೋ ಒಬ್ಬಳ ಅಮ್ಮನ ಹೆಸರನ್ನ ಅನ್ನೋದು ಅವನಿಗೂ ನಮಗೂ ಆಗ ಅರ್ಥ ಆಗುತ್ತೆ.

ಇಲ್ಲೇ ಪ್ರೇಕ್ಷಕರು ಎರಡು ಭಾಗ ಆದ್ರು. ‘ಫಸ್ಟ್ ಹಾಫ್ ಬೆಂಕಿ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್’ ಅನ್ನೋ ಮಾತು ನೀವು ಕೇಳಿರ್ತೀರಿ. ಸೆಕೆಂಡ್ ಹಾಫ್‌ನಲ್ಲಿ ನಿಧಾನ ಇದೆ, ನಿಜ. ಕೆಲವು ಭಾವುಕ ಸೀನ್ ಅವಸರದಲ್ಲಿ ಮುಗಿದ ಹಾಗಿವೆ, ಅದೂ ನಿಜ. ಆದ್ರೆ ನನಗೆ ಅನಿಸೋದು, ‘ಲ್ಯಾಗ್’ ಅಂದವರಲ್ಲಿ ಒಂದಷ್ಟು ಜನ ಹೇಳ್ತಿದ್ದದ್ದು ‘ನನ್ನ ನಗು ಯಾಕೆ ನಿಲ್ಲಿಸಿದ್ರಿ’ ಅಂತ. ನಗು ನಿಲ್ಲಿಸಬೇಕಾದ ಜಾಗದಲ್ಲೇ ಸಿನಿಮಾ ನಿಲ್ಲಿಸಿತು. ಹಾಗಂತ ಕಿಟಕಿಯ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ತಾ? ಇಲ್ಲ. ಅಮ್ಮನ ಹೆಸರಿನ ಲೆಕ್ಕ ಚುಕ್ತಾ ಮಾಡೋಕೆ ಕಥೆ ಒದ್ದಾಡುತ್ತೆ. ಆ ರಾತ್ರಿ ಸ್ನಾನದ ಮನೆಯೊಳಗಿದ್ದವಳ ಲೆಕ್ಕಕ್ಕೆ ಅದು ವಾಪಸ್ ಹೋಗೋದೇ ಇಲ್ಲ. ಸಿನಿಮಾ ಇಷ್ಟಪಟ್ಟೇ ಇದನ್ನ ಹೇಳಬಹುದು. ಹೇಳಿದವರನ್ನೆಲ್ಲ ‘ನೆಗೆಟಿವಿಟಿ’ ಅಂತ ಬಾಯಿ ಮುಚ್ಚಿಸಿದ್ದು ನನಗೆ ಸರಿ ಕಾಣಲಿಲ್ಲ.

ಮೈಕ್ ಹಿಡಿದು ಹೊರಗೆ ನಿಂತವರು

ಥಿಯೇಟರ್ ಗೇಟಿನ ಹೊರಗೆ ಮೈಕ್ ಹಿಡಿದು ‘ಸರ್, ಸಿನಿಮಾ ಹೆಂಗಿದೆ ಸರ್?’ ಅಂತ ಕೇಳೋ ಯೂಟ್ಯೂಬ್ ಚಾನೆಲ್‌ಗಳು ಗೊತ್ತಲ್ಲ. ಪಬ್ಲಿಕ್ ಟಾಕ್. ಸ್ಟಾರ್ ಸಿನಿಮಾಗಳಲ್ಲಿ ಅದನ್ನ ಯಾರೂ ನಂಬೋದು ಬಿಟ್ಟಾಗಿದೆ. ಮೊದಲ ಶೋ ಬಿಡೋಕೆ ಮುಂಚೆಯೇ ‘ಬ್ಲಾಕ್‌ಬಸ್ಟರ್’ ಅಂತ ಕೂಗೋರು ರೆಡಿ ಇರ್ತಾರೆ, ಇನ್ನೊಬ್ಬ ಸ್ಟಾರ್‌ನ ಅಭಿಮಾನಿಗಳು ‘ಡಿಸಾಸ್ಟರ್’ ಅಂತ ಟೈಪ್ ಮಾಡಿಟ್ಟಿರ್ತಾರೆ.

‘ಸು ಫ್ರಮ್ ಸೋ’ಗೆ ಅಭಿಮಾನಿ ಸಂಘ ಇರಲಿಲ್ಲ, ಹಾಗಾಗಿ ವಿರೋಧಿ ಸಂಘವೂ ಇರಲಿಲ್ಲ. ಕ್ಯಾಮೆರಾ ಮುಂದೆ ಬಂದವರು ಮಾಮೂಲಿ ಜನ: ಮಕ್ಕಳನ್ನ ಕರ್ಕೊಂಡು ಬಂದ ಅಮ್ಮ, ಅಜ್ಜನ ಕೈ ಹಿಡಿದ ಮೊಮ್ಮಗ. ‘ಯಾವ ಸೀನ್ ಇಷ್ಟ ಆಯ್ತು’ ಅಂದ್ರೆ ಹೇಳೋಕೆ ಹೋಗಿ ಅರ್ಧಕ್ಕೇ ನಕ್ಕು ಬಿಡೋರು. ನಕಲಿ ಮಾಡೋಕೆ ಕಷ್ಟ ಅದನ್ನ. ಹಿಂದಿನ ವಾರವಷ್ಟೇ, ಜುಲೈ 18ಕ್ಕೆ, ‘ಎಕ್ಕ’, ‘ಜೂನಿಯರ್’ ಬಂದಿದ್ವು, ಅವಕ್ಕೆ ಪ್ರಚಾರವೂ ಚೆನ್ನಾಗಿತ್ತು. ಅವುಗಳ ಪಕ್ಕದಲ್ಲಿ ನಿಂತು ಈ ಚಿಕ್ಕ ಸಿನಿಮಾ ಜಾಗ ಮಾಡ್ಕೊಂಡಿದ್ದು ಆ ಅರ್ಧಕ್ಕೆ ನಿಂತ ಮಾತುಗಳಿಂದ.

ನಾನು ಸ್ವಲ್ಪ ಚಿಂತೆ ಮಾಡೋದು ಇಲ್ಲಿ. ನಗುವಿಗೆ, ಕಿರುಚಾಟಕ್ಕೆ ಸದ್ದಿದೆ. ಅದನ್ನ 20 ಸೆಕೆಂಡ್ ರೀಲ್‌ನಲ್ಲಿ ಹಿಡೀಬಹುದು. ‘ಹಾಲ್ ಪೂರ್ತಿ ನಗ್ತಿದೆ’ ಅನ್ನೋ ವಿಡಿಯೋ ನೋಡಿದ್ರೆ ನಿಮಗೂ ಹೋಗಬೇಕು ಅನಿಸುತ್ತೆ. ಅದೇ ವರ್ಷ ಏಪ್ರಿಲ್‌ನಲ್ಲಿ ‘ಅಜ್ಞಾತವಾಸಿ’ ಬಂತು. ಮಲೆನಾಡಿನ ಒಂದು ಊರು, ನಿಧಾನವಾಗಿ ಬಿಚ್ಚಿಕೊಳ್ಳೋ ಕೊಲೆಯ ಕಥೆ, ರಂಗಾಯಣ ರಘು ಅವರ ಅದ್ಭುತ ಅಭಿನಯ. ವಿಮರ್ಶಕರು ಹೊಗಳಿದ್ರು. ಥಿಯೇಟರ್‌ನಲ್ಲಿ ನೋಡಿದವರು ಎಷ್ಟು ಜನ, ನೀವೇ ನೆನಪು ಮಾಡ್ಕೊಳ್ಳಿ. ಆ ಸಿನಿಮಾ ನೋಡೋ ಹಾಲ್‌ನಲ್ಲೂ ಪ್ರತಿಕ್ರಿಯೆ ಇತ್ತು, ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದ ಮೌನ. ಮೌನದ ರೀಲ್ ಹೇಗೆ ಮಾಡೋದು? ಅದನ್ನ ಯಾರು ಫಾರ್ವರ್ಡ್ ಮಾಡ್ತಾರೆ?

ಟಾಕ್ ಬಂದ ಮೇಲೆ ಹೋಗೋಣ ಅನ್ನೋದು ತಪ್ಪು ಅಂತ ನಾನು ಹೇಳಲ್ಲ. ಮಲ್ಟಿಪ್ಲೆಕ್ಸ್‌ನಲ್ಲಿ ನಾಲ್ಕು ಜನ ಹೋಗಿ ಪಾಪ್‌ಕಾರ್ನ್ ತಿಂದು ಬಂದ್ರೆ ಆಗೋ ಖರ್ಚು ಗೊತ್ತಿರೋದೇ. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ದುಡ್ಡು ಎಣಿಸಿ ಹೋಗೋರು ಗ್ಯಾರಂಟಿ ಕೇಳ್ತಾರೆ, ಕೇಳಲಿ. ಆದ್ರೆ ಲೆಕ್ಕ ಹೀಗಿದೆ: ಶುಕ್ರವಾರ ಯಾರಾದ್ರೂ ಹೋಗಿ ನೋಡಿದ್ರೆ ತಾನೇ ಶನಿವಾರಕ್ಕೆ ಟಾಕ್? ಎಲ್ಲರೂ ಕಾದ್ರೆ ಟಾಕ್ ಎಲ್ಲಿಂದ ಬರಬೇಕು? ಸೋಮವಾರಕ್ಕೆ ಶೋ ಎತ್ತಿರ್ತಾರೆ. ‘ಸು ಫ್ರಮ್ ಸೋ’ ಈ ಗಂಟನ್ನ ಪೇಯ್ಡ್ ಪ್ರೀಮಿಯರ್‌ನಿಂದ ಬಿಡಿಸ್ಕೊಂಡಿತು. ಅದು ನಗಿಸೋ ಸಿನಿಮಾಗೆ ಕೆಲಸ ಮಾಡೋ ಉಪಾಯ. ನಗಿಸದ ಸಿನಿಮಾದವರು ಏನು ಮಾಡಬೇಕು ಅನ್ನೋದಕ್ಕೆ ಗಾಂಧಿನಗರದಲ್ಲಿ ಇನ್ನೂ ಯಾರ ಹತ್ತಿರವೂ ಉತ್ತರ ಇದ್ದಂತಿಲ್ಲ.

ಇನ್ನೂ ನೋಡಿಲ್ಲದವರಿಗೆ: ಒಬ್ಬರೇ ಮೊಬೈಲ್‌ನಲ್ಲಿ ನೋಡಬೇಡಿ. ಕನಿಷ್ಠ ನಾಲ್ಕು ಜನ ಸೇರಿಸಿ, ಟೀವಿಗೆ ಹಾಕಿ, ಮೊದಲ ಹದಿನೈದು ನಿಮಿಷ ಸಬ್‌ಟೈಟಲ್ ಆನ್ ಇರಲಿ. ಅಜ್ಜಿ ಇದ್ರೆ ಅಜ್ಜಿನೂ ಕೂರಿಸಿ, ದೆವ್ವದ ಕಥೆಗೆ ಅವರ ಕಾಮೆಂಟರಿ ಫ್ರೀ. ಭಾನು ಬಂದ ಮೇಲೆ ಯಾರಾದ್ರೂ ‘ಲ್ಯಾಗ್’ ಅಂತ ಫೋನ್ ತೆಗೆದ್ರೆ ಫೋನ್ ಕಿತ್ಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಹಾಲ್‌ನಲ್ಲಿ ಯಾವ ಸೀನ್‌ಗೆ ಎಲ್ಲರಿಗಿಂತ ಜಾಸ್ತಿ ನಗು ಬಂತು, ಯಾವ ಊರಲ್ಲಿ ನೋಡಿದ್ರಿ, ವಾಯ್ಸ್ ನೋಟ್ ಕಳಿಸಿ. ಥಿಯೇಟರ್‌ನಲ್ಲಿ ನೋಡಿಯೂ ನಗು ಬರಲಿಲ್ಲ ಅನ್ನೋರಿದ್ರೆ ಅವರು ಮೊದಲು ಕಳಿಸಿ. ನಮಸ್ಕಾರ.